ಟ್ರ್ಯಾಕ್‌ನಲ್ಲಿ ಗಾಡಿ ಕೈಕೊಟ್ಟರೆ ಎಲ್ಲಿಂದ ಹುಡುಕಬೇಕು?

ಶನಿವಾರ ಬೆಳಗಿನ ಜಾವ ಎರಡೂವರೆಗೆ ಸಿಲ್ಕ್ ಬೋರ್ಡ್ ದಾಟಿದರೆ, ಹೊಸೂರು, ಕೃಷ್ಣಗಿರಿ, ವೆಲ್ಲೂರು ಹಾದು ಬೆಳಗಿನ ತಿಂಡಿ ಹೊತ್ತಿಗೆ ಚೆನ್ನೈ ಹತ್ತಿರದ ಇರುಂಗಾಟುಕೋಟೈ ರೇಸ್ ಟ್ರ್ಯಾಕ್ ಸೇರಬಹುದು. ಬೆಂಗಳೂರಿನಿಂದ ಸುಮಾರು 300 ಕಿಲೋಮೀಟರ್. ಶ್ರೀಪೆರುಂಬುದೂರಿನ ಹತ್ತಿರ ಇರುವ ಈ ಟ್ರ್ಯಾಕ್ ಶುರುವಾದದ್ದು 1990ರಲ್ಲಿ. ಒಂದು ಸುತ್ತಿಗೆ 3.7 ಕಿಲೋಮೀಟರ್, 12 ತಿರುವು. ನಮ್ಮೂರಲ್ಲಿ ಇಷ್ಟು ದೊಡ್ಡ ಟ್ರ್ಯಾಕ್ ಇಲ್ಲ. ಹಾಗಾಗಿ ಕಾರಿನ ಹುಚ್ಚಿರುವವರು ತಮ್ಮ ಗಾಡಿಯನ್ನು ಜೋರಾಗಿ ಓಡಿಸಲು ಒಂದೋ ಇಲ್ಲಿಗೆ, ಇಲ್ಲವೇ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗುತ್ತಾರೆ. ಎರಡೂ ಕಡೆ ಒಂದೇ ಕಷ್ಟ. ಗಾಡಿ ಕೆಟ್ಟರೆ ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿ ದೂರ, ನಿಮ್ಮ ಮೆಕ್ಯಾನಿಕ್ ಇನ್ನೂ ದೂರ.

ನನಗೆ ಆದದ್ದನ್ನೇ ಹೇಳುತ್ತೇನೆ. ನನ್ನದು ಟರ್ಬೊ (ಇಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಪಂಪು) ಇರುವ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಇಂಜಿನ್ ರೀಮ್ಯಾಪ್ ಆಗಿದೆ, ಅಂದರೆ ಶಕ್ತಿ ಹೆಚ್ಚಲೆಂದು ಅದರ ಕಂಪ್ಯೂಟರಿನ ಲೆಕ್ಕ ಬದಲಿಸಿದೆ. ಟರ್ಬೊ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್ ದೊಡ್ಡದು, ಸ್ಪ್ರಿಂಗ್ ಗಿಡ್ಡದು. ಒಂದು ಶನಿವಾರ ಎರಡನೇ ಸೆಷನ್‌ನಲ್ಲಿ (ಟ್ರ್ಯಾಕ್‌ಗೆ ಇಳಿದು ಓಡಿಸುವ ಒಂದು ಸರದಿ) ಇದ್ದಕ್ಕಿದ್ದಂತೆ ಪಿಕಪ್ ಹೋಯಿತು. ಇಂಜಿನ್ ಓಡುತ್ತಿದೆ, ಎಳೆಯುತ್ತಿಲ್ಲ. ಟ್ರ್ಯಾಕ್ ಪಕ್ಕ ಗಾಡಿ ನಿಲ್ಲಿಸುವ ಪಿಟ್‌ಗೆ ಬಂದು ಬಾನೆಟ್ ಎತ್ತಿದರೆ ಸುತ್ತ ಎಂಟು ಜನ. ‘ಟರ್ಬೊ ಹೋಗಿದೆ ಗುರು’ ಅಂದ ಒಬ್ಬ. ‘ಕಾಯಿಲ್ ಮಗಾ, ನಂದೂ ಹಿಂಗೇ ಆಗಿತ್ತು’ ಅಂದ ಇನ್ನೊಬ್ಬ. ಕಿಡಿಗೆ ಕರೆಂಟ್ ಕೊಡುವ ಕಾಯಿಲ್ ಬಿಚ್ಚಿದೆವು, ಕಿಡಿ ಹಾರಿಸುವ ಪ್ಲಗ್ ಬಿಚ್ಚಿದೆವು, ಎರಡು ಗಂಟೆ ಹೋಯಿತು. ಕೊನೆಗೆ ಪಕ್ಕದ ಪಿಟ್‌ನಲ್ಲಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರು ಬಂದು ಒಂದೇ ಪ್ರಶ್ನೆ ಕೇಳಿದರು. ‘ಇತ್ತೀಚೆಗೆ ಏನು ಬಿಚ್ಚಿ ಹಾಕಿಸಿದ್ರಿ ಸರ್?’ ಗುರುವಾರ ಇಂಟರ್‌ಕೂಲರ್ ಹಾಕಿಸಿದ್ದೆ. ಬಗ್ಗಿ ನೋಡಿದರೆ ಅದರ ಕೆಳಗಿನ ಗಾಳಿಯ ಹೋಸ್ ಕಳಚಿಕೊಂಡಿತ್ತು. ಒರೆಸಿ, ಹಾಕಿ, ಕ್ಲಾಂಪ್ ಬಿಗಿ ಮಾಡಲು ಐದು ನಿಮಿಷ ಸಾಕಾಯಿತು.

ಅವತ್ತಿನಿಂದ ನಾನು ಪಾಲಿಸುವ ಕ್ರಮ ಇದು. ಮಾರ್ಪಾಡು ಮಾಡಿದ ಗಾಡಿಯಲ್ಲಿ ಕೊನೆಗೆ ಕೈ ಹಾಕಿದ ಜಾಗವೇ ಮೊದಲ ಅನುಮಾನ. ಕಂಪನಿ ಹಾಕಿದ ಭಾಗ ಎಷ್ಟೋ ವರ್ಷ ಓಡಿ ತೋರಿಸಿದೆ. ನಾವು ಹಾಕಿಸಿದ ಭಾಗ ಇನ್ನೂ ಏನನ್ನೂ ತೋರಿಸಿಲ್ಲ, ಅಲ್ವಾ?

ಹಿಂದಿನ ವಾರವೇ ಮಾಡಬೇಕಾದ್ದು

ಟ್ರ್ಯಾಕ್‌ಗೆ ಹೋಗುವ ವಾರ ಹೊಸದೇನನ್ನೂ ಹಾಕಿಸಬೇಡಿ. ಹಾಕಿಸಲೇಬೇಕೆಂದರೆ ಎರಡು ವಾರ ಮೊದಲು ಹಾಕಿಸಿ, ಊರಲ್ಲೇ ಒಂದಿನ್ನೂರು ಕಿಲೋಮೀಟರ್ ಓಡಿಸಿ, ಮತ್ತೆ ಎಲ್ಲ ಬೋಲ್ಟ್ ನೋಡಿಸಿ. ಒಂದು ಪುಟ್ಟ ನೋಟ್‌ಬುಕ್ ಇಡಿ. ಯಾವ ತಾರೀಕು ಏನು ಬಿಚ್ಚಿದಿರಿ, ಏನು ಹಾಕಿದಿರಿ, ಅಷ್ಟೇ ಬರೆಯಿರಿ. ಪಿಟ್‌ನಲ್ಲಿ ಗಾಬರಿಯಾದಾಗ ತಲೆ ಓಡುವುದಿಲ್ಲ, ಆ ಪುಸ್ತಕ ನೆನಪು ಮಾಡಿಕೊಡುತ್ತದೆ.

ಬಿಚ್ಚಿಟ್ಟ ಹಳೆಯ ಭಾಗಗಳನ್ನು ಮಾರಬೇಡಿ. ಹಳೆಯ ಪ್ಲಗ್, ಕಾಯಿಲ್, ಬ್ರೇಕ್ ಪ್ಯಾಡ್, ಏರ್ ಫಿಲ್ಟರ್ ಬಾಕ್ಸ್ ಎಲ್ಲ ಡಿಕ್ಕಿಯಲ್ಲಿರಲಿ. ರೀಮ್ಯಾಪ್ ಮಾಡಿಸಿದ್ದರೆ ಕಂಪನಿಯ ಮೂಲ ಮ್ಯಾಪ್‌ಗೆ ವಾಪಸ್ ಹೋಗುವ ದಾರಿಯೂ ಗೊತ್ತಿರಲಿ. ಹೊಸ ಭಾಗದ ಮೇಲೆ ಅನುಮಾನ ಬಂದರೆ ಹಳೆಯದನ್ನು ಹಾಕಿ ನೋಡುವುದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

ಉಪಕರಣಗಳಲ್ಲಿ ಮೂರನ್ನು ಮರೆಯಬೇಡಿ: ಬೋಲ್ಟನ್ನು ಹೇಳಿದ ಅಳತೆಗೇ ಬಿಗಿ ಮಾಡುವ ಟಾರ್ಕ್ ವ್ರೆಂಚ್, ಟೈರ್ ಗಾಳಿ ಅಳೆಯುವ ಗೇಜು, ಗಾಡಿಯ ಕಂಪ್ಯೂಟರ್ ಕೊಡುವ ದೋಷದ ಕೋಡ್ ಓದುವ, ಫೋನಿಗೆ ಬ್ಲೂಟೂತ್‌ನಲ್ಲಿ ಸೇರುವ ಓಬಿಡಿ ಸ್ಕ್ಯಾನರ್. ಉಳಿದದ್ದನ್ನು ಪಕ್ಕದವರು ಕೊಡುತ್ತಾರೆ. ಪಿಟ್‌ನಲ್ಲಿ ಸ್ಪ್ಯಾನರ್ ಕೇಳಿದರೆ ಇಲ್ಲ ಅಂದವರನ್ನು ನಾನು ಇನ್ನೂ ಕಂಡಿಲ್ಲ.

ಬೆಂಗಳೂರಿನ ಗಾಡಿ, ಅಲ್ಲಿಯ ಗಾಳಿ

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ಗಾಳಿ ತೆಳು, ತಂಪು ಜಾಸ್ತಿ. ಇರುಂಗಾಟುಕೋಟೈ ಇರುವುದು ಬಯಲಲ್ಲಿ. ಅಲ್ಲಿ ಗಾಳಿ ದಟ್ಟ, ಬಿಸಿಲು ಕೆಂಡ. ಹೊಸ ಗಾಡಿಗಳ ಸೆನ್ಸರ್‌ಗಳು ಗಾಳಿಯನ್ನು ಅಳೆದು ಪೆಟ್ರೋಲನ್ನು ತಾವೇ ಹೊಂದಿಸುತ್ತವೆ. ಹಳೆಯ ಕಾರ್ಬ್ಯುರೇಟರ್ ಗಾಡಿಗೆ ಆ ಬುದ್ಧಿ ಇಲ್ಲ. ಬೆಂಗಳೂರಲ್ಲಿ ಪೆಟ್ರೋಲ್ ಬಿಡುವ ಜೆಟ್ ಸರಿಯಾಗಿ ಕೂಡಿಸಿದ್ದರೂ ಅಲ್ಲಿ ಗಾಳಿ ಹೆಚ್ಚಾಗಿ ಪೆಟ್ರೋಲ್ ಸಾಲದಂತಾಗುತ್ತದೆ, ಇಂಜಿನ್ ಬಿಸಿ ಏರುತ್ತದೆ. ಇನ್ನು ರೇಡಿಯೇಟರ್, ಆಯಿಲ್, ಬ್ರೇಕ್ ಮೂರಕ್ಕೂ ಇಲ್ಲಿಗಿಂತ ಅಲ್ಲಿ ಕೆಲಸ ಕಠಿಣ. ನಮ್ಮೂರ ಬೆಳಗಿನ ಚಳಿಯಲ್ಲಿ ಸರಿಯಾಗಿತ್ತು ಅಂದರೆ ಅಲ್ಲಿಯ ಮಧ್ಯಾಹ್ನಕ್ಕೂ ಸರಿ ಎಂದು ಅಂದುಕೊಳ್ಳಬೇಡಿ.

ಇಳಿಯುವ ಮುಂಚೆ, ಇಳಿದು ಬಂದ ಮೇಲೆ

ಮೊದಲು ಡಿಕ್ಕಿ, ಸೀಟಿನ ಕೆಳಗೆ, ಗ್ಲೋವ್ ಬಾಕ್ಸ್ ಎಲ್ಲ ಖಾಲಿ ಮಾಡಿ. ಪೆಡಲ್ ಕೆಳಗೆ ಉರುಳಿದ ನೀರಿನ ಬಾಟಲಿಗಿಂತ ದೊಡ್ಡ ಅಪಾಯ ಇಲ್ಲ. ಇಂಜಿನ್ ಆಯಿಲ್ ಅಳೆಯುವ ಕಡ್ಡಿಯ (ಡಿಪ್‌ಸ್ಟಿಕ್) ಮೇಲಿನ ಗುರುತಿನ ಹತ್ತಿರ ಇರಲಿ, ಅದನ್ನು ದಾಟಬಾರದು. ಉದ್ದದ ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಸರಿಯುತ್ತದೆ, ಕಡಿಮೆ ಇದ್ದರೆ ಪಂಪು ಗಾಳಿ ಎಳೆಯುತ್ತದೆ. ಪೆಟ್ರೋಲಿಗೂ ಇದೇ ಮಾತು. ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗಿದ್ದರೆ ತಿರುವಿನಲ್ಲಿ ಇಂಜಿನ್ ಮುಗ್ಗರಿಸುತ್ತದೆ. ಎಷ್ಟೋ ಜನ ಇದನ್ನೇ ದೊಡ್ಡ ಕಾಯಿಲೆ ಎಂದುಕೊಂಡು ಪಂಪು ಬಿಚ್ಚಲು ಕೂರುತ್ತಾರೆ. ಅರ್ಧ ಟ್ಯಾಂಕ್ ತುಂಬಿಸಿ ನೋಡಿ, ಆಮೇಲೆ ಮಾತಾಡೋಣ.

ಚಕ್ರದ ಬೋಲ್ಟುಗಳನ್ನು ನಿಮ್ಮ ಗಾಡಿಯ ಕೈಪಿಡಿಯಲ್ಲಿ ಹೇಳಿದ ಟಾರ್ಕ್‌ಗೆ ಬಿಗಿ ಮಾಡಿ. ಸಣ್ಣ ಕಾರುಗಳಲ್ಲಿ ಇದು ಹೆಚ್ಚಾಗಿ 100ರಿಂದ 120 ನ್ಯೂಟನ್ ಮೀಟರ್ ಆಸುಪಾಸು. ಟೈರ್ ಬಿಸಿಯಾದಾಗ ಒತ್ತಡ ಆರೆಂಟು ಪಿಎಸ್‌ಐ ಏರುತ್ತದೆ. ನನ್ನ ಗಾಡಿಯಲ್ಲಿ ತಣ್ಣಗಿರುವಾಗ 28 ಇಟ್ಟರೆ ಸೆಷನ್ ಮುಗಿದಾಗ 35 ತೋರಿಸುತ್ತದೆ.

ಮೊದಲ ಸೆಷನ್‌ನಲ್ಲಿ ನಾಲ್ಕೈದು ಸುತ್ತು ಸಾಕು. ಕೊನೆಯ ಸುತ್ತು ಬ್ರೇಕ್ ಹೆಚ್ಚು ಒತ್ತದೆ ನಿಧಾನಕ್ಕೆ ಬನ್ನಿ, ಎಲ್ಲವೂ ಆರಲಿ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಕೆಂಡದಂತಿರುವ ಪ್ಯಾಡು ಡಿಸ್ಕಿಗೆ ಅಂಟಿಕೊಳ್ಳುತ್ತದೆ. ಗೇರ್‌ನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಚಕ್ರ ತಣ್ಣಗಾದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ನೋಡಿ.

ಬ್ರೇಕ್: ಪೆಡಲ್ ಏನು ಹೇಳುತ್ತಿದೆ?

ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಇಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ, ಬ್ರೇಕ್ ಕೆಟ್ಟರೆ ನಿಲ್ಲುವುದಿಲ್ಲ.

ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತಿದ್ದರೆ ಬ್ರೇಕ್ ಆಯಿಲ್ ಕುದ್ದಿದೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆದರೆ ಕುದ್ದು ಎದ್ದ ಆವಿಯ ಗುಳ್ಳೆ ಕುಗ್ಗುತ್ತದೆ. ನಿಮ್ಮ ಕಾಲಿನ ಬಲವೆಲ್ಲ ಆ ಗುಳ್ಳೆಗೇ ಹೋಗುತ್ತದೆ. ಬ್ರೇಕ್ ಆಯಿಲ್‌ಗೆ ಗಾಳಿಯ ತೇವ ಹೀರುವ ಗುಣ ಇದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ ಮೇಲೆ ಅದು 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಲೆಕ್ಕ 230 ಮತ್ತು 155. ಡಾಟ್ 5.1ಕ್ಕೆ 260 ಮತ್ತು 180. ಹಾಗಾಗಿ ಎರಡು ವರ್ಷದ ಹಳೆಯ ದುಬಾರಿ ಆಯಿಲ್‌ಗಿಂತ ಹೋದ ವಾರ ಹಾಕಿಸಿದ ಸಾಧಾರಣ ಡಾಟ್ 4 ಎಷ್ಟೋ ವಾಸಿ. ಡಾಟ್ 5 ಎಂದು ಬರೆದ ಡಬ್ಬಿ ಬೇರೆಯೇ ಜಾತಿ, ಅದು ಸಿಲಿಕೋನ್. ಅದನ್ನು ಇವುಗಳ ಜೊತೆ ಬೆರೆಸಲೇಬಾರದು.

ಪೆಡಲ್ ಗಟ್ಟಿಯಾಗಿಯೇ ಇದೆ, ಗಾಡಿ ಮಾತ್ರ ನಿಲ್ಲುತ್ತಿಲ್ಲ ಅಂದರೆ ತಪ್ಪು ಪ್ಯಾಡಿನದು. ಅದರ ತಾಕತ್ತಿಗಿಂತ ಬಿಸಿ ಹೆಚ್ಚಾಗಿ ಹಿಡಿತ ಬಿಟ್ಟಿದೆ. ಸುಟ್ಟ ವಾಸನೆ ಬರುತ್ತದೆ. ಇಲ್ಲಿ ಆಯಿಲ್ ಬದಲಿಸಿ ಪ್ರಯೋಜನವಿಲ್ಲ. ಬೇಗ ಬ್ರೇಕ್ ಹಿಡಿಯಿರಿ, ಸುತ್ತು ಕಡಿಮೆ ಮಾಡಿ, ಮುಂದಿನ ಸಲ ಬೇರೆ ಪ್ಯಾಡ್ ಹಾಕಿಸಿ.

ಆಯಿಲ್ ಕುದ್ದಿದ್ದರೆ ಪಿಟ್‌ನಲ್ಲೇ ಬ್ಲೀಡ್ ಮಾಡಬಹುದು, ಅಂದರೆ ಗುಳ್ಳೆಗಳನ್ನು ಹೊರಗೆ ಬಿಡಬಹುದು. ಬ್ರೇಕ್ ಪೂರ್ತಿ ತಣ್ಣಗಾಗಲಿ. ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಬಳಿ ಪ್ಯಾಡ್ ಒತ್ತುವ ಕ್ಯಾಲಿಪರ್‌ನ ನಿಪ್ಪಲ್ ಸಡಿಲಿಸಿ, ಗುಳ್ಳೆ ಬಿಟ್ಟು, ಮತ್ತೆ ಬಿಗಿ ಮಾಡಬೇಕು. ನಿಪ್ಪಲ್ ಬಿಗಿಯಾದ ಮೇಲೆಯೇ ಪೆಡಲ್ ಬಿಡಬೇಕು. ಬೇಗ ಬಿಟ್ಟರೆ ಗಾಳಿ ಒಳಗೆ ಹೋಗುತ್ತದೆ. ‘ಒತ್ತು’, ‘ಬಿಡು’ ಎಂದು ಜೋರಾಗಿ ಹೇಳುತ್ತಾ ಮಾಡಿ. ಬಾನೆಟ್ ಒಳಗಿನ ಬ್ರೇಕ್ ಆಯಿಲ್ ಡಬ್ಬಿ ಖಾಲಿಯಾಗದಂತೆ ತುಂಬುತ್ತಿರಿ. ಆಯಿಲ್ ಗಾಡಿಯ ಬಣ್ಣದ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ. ಪೆಡಲ್ ಮತ್ತೆ ಗಟ್ಟಿಯಾಗದಿದ್ದರೆ ಆ ವಾರದ ಓಟ ಅಲ್ಲಿಗೇ ನಿಲ್ಲಿಸಿ. ಈ ವಿಷಯದಲ್ಲಿ ನಾನು ಯಾರ ಜೊತೆಗೂ ಚರ್ಚೆ ಮಾಡುವುದಿಲ್ಲ.

ಪಿಕಪ್ ಇಲ್ಲದಿದ್ದರೆ

ಮೊದಲು ಸ್ಕ್ಯಾನರ್ ಹಾಕಿ ಕೋಡ್ ಓದಿ, ಬರೆದಿಟ್ಟುಕೊಳ್ಳಿ. ಓದುವ ಮುಂಚೆಯೇ ಅಳಿಸಬೇಡಿ. ಪಿ0299 ಬಂದರೆ ಟರ್ಬೊ ಒತ್ತಡ ಸಾಲುತ್ತಿಲ್ಲ ಎಂದರ್ಥ. ಟರ್ಬೊವನ್ನೇ ದೂರಬೇಡಿ. ಏರ್ ಫಿಲ್ಟರ್‌ನಿಂದ ಶುರು ಮಾಡಿ ಇಂಜಿನ್‌ವರೆಗೆ ಪ್ರತಿ ಹೋಸ್ ಕೈಯಿಂದ ಹಿಡಿದು ಎಳೆದು ನೋಡಿ. ಇಂಜಿನ್ ಒಳಗಿನ ಆಯಿಲ್ ಆವಿ ಈ ಹೋಸ್‌ಗಳಿಗೆ ಬರುತ್ತದೆ. ಸಿಲಿಕೋನ್ ಹೋಸ್‌ನ ತುದಿ ಎಣ್ಣೆಯಾಗಿ, ಒತ್ತಡ ಏರಿದಾಗ ಜಾರಿಬಿಡುತ್ತದೆ. ನನಗೆ ಆದದ್ದು ಇದೇ. ಕ್ಲಾಂಪ್ ಸುಮ್ನೆ ಇನ್ನಷ್ಟು ಬಿಗಿ ಮಾಡಿದರೆ ಮತ್ತೆ ಜಾರುತ್ತದೆ. ಬಿಚ್ಚಿ, ಒಳಗೂ ಹೊರಗೂ ಬ್ರೇಕ್ ಕ್ಲೀನರ್‌ನಿಂದ ಒರೆಸಿ, ಒಣಗಿಸಿ ಹಾಕಬೇಕು.

ಪಿ0302 ಎಂದರೆ ಎರಡನೇ ಸಿಲಿಂಡರ್ ಮಿಸ್ಸಿಂಗ್, ಅಂದರೆ ಅಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಪಿ0303 ಎಂದರೆ ಮೂರನೆಯದು. ಕೊನೆಯ ಅಂಕೆ ಸಿಲಿಂಡರಿನದು. ಇಲ್ಲಿ ಹೊಸ ಕಾಯಿಲ್ ಇಲ್ಲದೆಯೂ ಪರೀಕ್ಷೆ ಮಾಡಬಹುದು. ಎರಡರ ಕಾಯಿಲ್ ಮೂರಕ್ಕೆ, ಮೂರರದ್ದು ಎರಡಕ್ಕೆ ಹಾಕಿ. ಕೋಡ್ ಅಳಿಸಿ ಓಡಿಸಿ. ಈಗ ಪಿ0303 ಬಂದರೆ ಕಾಯಿಲ್ ಕೆಟ್ಟಿದೆ. ಮತ್ತೆ ಪಿ0302 ಬಂದರೆ ಕಾಯಿಲ್ ಸರಿ ಇದೆ, ಪ್ಲಗ್‌ಗಳನ್ನು ಇದೇ ರೀತಿ ಅದಲುಬದಲು ಮಾಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನೂ ಒಟ್ಟಿಗೆ ಬದಲಿಸಿದರೆ ಗಾಡಿ ಸರಿಯಾಗಬಹುದು, ಏನು ಕೆಟ್ಟಿತ್ತು ಎಂಬುದು ಗೊತ್ತಾಗುವುದಿಲ್ಲ. ಟರ್ಬೊ ಒತ್ತಡ ಏರಿಸಿದ ಗಾಡಿಯಲ್ಲಿ ಪ್ಲಗ್‌ನ ಸಂದು ದೊಡ್ಡದಿದ್ದರೂ ಕಿಡಿ ಹಾರದೆ ಮಿಸ್ಸಿಂಗ್ ಆಗುತ್ತದೆ. ರೀಮ್ಯಾಪ್ ಮಾಡಿದವರು ಎಷ್ಟು ಸಂದು ಹೇಳಿದ್ದಾರೋ ಅಷ್ಟೇ ಇದೆಯಾ ನೋಡಿ. ಚೆಕ್ ಇಂಜಿನ್ ದೀಪ ಮಿಣುಕುತ್ತಿದ್ದರೆ ಆಕ್ಸಿಲರೇಟರ್‌ನಿಂದ ಕಾಲು ಎತ್ತಿ. ಸುಡದ ಪೆಟ್ರೋಲ್ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ.

ಕೋಡ್ ಏನೂ ಇಲ್ಲ, ಮಧ್ಯಾಹ್ನ ಮಾತ್ರ ಗಾಡಿ ಜಡ ಅನಿಸಿದರೆ ಅದು ಬಿಸಿಲಿನ ಕೆಲಸ. ಒಳಗೆ ಹೋಗುವ ಗಾಳಿ ಕಾದಷ್ಟೂ ಕಂಪ್ಯೂಟರ್ ಇಂಜಿನ್ ಉಳಿಸಲು ತಾನೇ ಶಕ್ತಿ ತಗ್ಗಿಸುತ್ತದೆ. ರೀಮ್ಯಾಪ್ 100 ಆಕ್ಟೇನ್ ಪೆಟ್ರೋಲ್‌ಗೆ ಆಗಿದ್ದು, ದಾರಿಯ ಬಂಕ್‌ನಲ್ಲಿ ಮಾಮೂಲಿ ಪೆಟ್ರೋಲ್ ತುಂಬಿಸಿದ್ದರೂ ಹೀಗೇ ಆಗುತ್ತದೆ. ಅಂಥ ಸಮಯದಲ್ಲಿ ಮೂಲ ಮ್ಯಾಪ್‌ಗೆ ವಾಪಸ್ ಹೋಗುವುದು ಜಾಣತನ.

ಬಿಸಿಯ ಮುಳ್ಳು ಏರಿದರೆ

ಓಡುತ್ತಿರುವಾಗಲೇ ಇಂಜಿನ್ ಬಿಸಿ ತೋರಿಸುವ ಮುಳ್ಳು ಏರಿದರೆ ವೇಗ ತಗ್ಗಿಸಿ, ಎಸಿ ಬಂದ್ ಮಾಡಿ, ಹೀಟರ್ ಪೂರ್ತಿ ಹಾಕಿ, ಕಿಟಕಿ ಇಳಿಸಿ ಪಿಟ್‌ಗೆ ಬನ್ನಿ. ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರ್. ಮುಂದಿನಿಂದ ಹಬೆ ಏಳುತ್ತಿದ್ದರೆ ಮಾತ್ರ ಟ್ರ್ಯಾಕ್‌ನಿಂದ ಸರಿದು ತಕ್ಷಣ ಇಂಜಿನ್ ನಿಲ್ಲಿಸಿ. ಬಿಸಿ ಇರುವಾಗ ಕೂಲಂಟ್ ಮುಚ್ಚಳ ತೆಗೆಯಲೇಬೇಡಿ. ಒಳಗೆ ಒತ್ತಡ ಇರುವುದರಿಂದ ನೀರು 100 ಡಿಗ್ರಿ ದಾಟಿಯೂ ಕುದಿಯದೆ ಕೂತಿರುತ್ತದೆ. ಮುಚ್ಚಳ ತೆಗೆದ ಕ್ಷಣ ಮುಖಕ್ಕೆ ಚಿಮ್ಮುತ್ತದೆ.

ಇಲ್ಲೂ ಅದೇ ಪ್ರಶ್ನೆ ಕೇಳಿಕೊಳ್ಳಿ: ಇತ್ತೀಚೆಗೆ ಏನು ಬಿಚ್ಚಿ ಹಾಕಿಸಿದ್ದು? ದೊಡ್ಡ ಇಂಟರ್‌ಕೂಲರ್ ರೇಡಿಯೇಟರ್ ಮುಂದೆ ಕೂತು ಗಾಳಿ ತಡೆಯುತ್ತಿದೆಯಾ? ಬಂಪರ್ ಬಿಚ್ಚಿದಾಗ ಪಕ್ಕದ ಪ್ಲಾಸ್ಟಿಕ್ ತಡೆಗಳನ್ನು ವಾಪಸ್ ಹಾಕಿದ್ದಾರಾ? ಅವು ನೋಡಲು ಕೆಲಸಕ್ಕೆ ಬಾರದ ತುಂಡುಗಳು. ಗಾಳಿ ಪಕ್ಕಕ್ಕೆ ಸೋರದೆ ರೇಡಿಯೇಟರ್ ಒಳಗೇ ಹೋಗುವಂತೆ ಮಾಡುವುದು ಅವೇ. ಫ್ಯಾನ್ ತಿರುಗುತ್ತಿದೆಯಾ ಎಂದೂ ನೋಡಿ.

ಕೆಳಗಿನಿಂದ ಸದ್ದು

ಗಾಡಿ ಜಾಕ್ ಮೇಲೆತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಅಲುಗಾಟ ಇದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಸಡಿಲವಾಗಿದೆ. ಎಡ ಬಲ ಹಿಡಿದಾಗ ಮಾತ್ರ ಆಡಿದರೆ ಸ್ಟಿಯರಿಂಗ್‌ನ ಟೈ ರಾಡ್. ಇವುಗಳಲ್ಲಿ ಯಾವುದು ಸಡಿಲವಿದ್ದರೂ ಮತ್ತೆ ಟ್ರ್ಯಾಕ್‌ಗೆ ಇಳಿಯಬೇಡಿ. ಸ್ಪ್ರಿಂಗ್ ಬದಲಿಸಿದ್ದರೆ ಅದನ್ನು ಹೊತ್ತ ಸ್ಟ್ರಟ್‌ನ ಮೇಲಿನ ನಟ್ಟು ನೋಡಿ, ಟಕ್ ಟಕ್ ಸದ್ದು ಅಲ್ಲಿಂದ ಬರುವುದೇ ಜಾಸ್ತಿ. ಅಲಾಯ್ ಚಕ್ರ ಬದಲಿಸಿದ್ದರೆ ಚಕ್ರ ಕೂರುವ ಹಬ್‌ಗೆ ಕೂಡಿಸುವ ಪ್ಲಾಸ್ಟಿಕ್ ರಿಂಗ್ ಬ್ರೇಕ್ ಬಿಸಿಗೆ ಕರಗಿ, ಸ್ಟಿಯರಿಂಗ್ ನಡುಗಬಹುದು. ಅಲ್ಯೂಮಿನಿಯಂ ರಿಂಗ್ ಹಾಕಿಸಿಕೊಳ್ಳಿ.

ವಾಪಸ್ ಹೊರಡುವಾಗ

ಭಾನುವಾರ ಸಂಜೆ ಎಲ್ಲರಿಗೂ ಸುಸ್ತು. ಆದರೂ ಹತ್ತು ನಿಮಿಷ ಕೊಡಿ. ಟ್ರ್ಯಾಕ್‌ಗೆಂದು ಇಳಿಸಿದ ಟೈರ್ ಗಾಳಿಯನ್ನು ಕಂಪನಿ ಹೇಳಿದಷ್ಟಕ್ಕೆ ಏರಿಸಿ. ಪ್ಯಾಡಿನ ದಪ್ಪ, ಆಯಿಲ್, ಕೂಲಂಟ್ ನೋಡಿ. ಖಾಲಿ ಮಾಡಿದ ಸಾಮಾನು ವಾಪಸ್ ಡಿಕ್ಕಿಗೆ ಹೋಗಲಿ, ಟಾರ್ಕ್ ವ್ರೆಂಚ್ ಮಾತ್ರ ಕೈಗೆ ಸಿಗುವಂತಿರಲಿ. ನಾವು ಬಿರಿಯಾನಿಗೆ ಆಂಬೂರಿನಲ್ಲಿ ನಿಲ್ಲಿಸುತ್ತೇವೆ. ಊಟ ಮುಗಿಯುವಷ್ಟರಲ್ಲಿ ಚಕ್ರ ಆರಿರುತ್ತದೆ. ಫೋನಿನ ಬೆಳಕಲ್ಲಿ ಬೋಲ್ಟುಗಳನ್ನು ಮತ್ತೊಮ್ಮೆ ನೋಡಿ, ಇಂಜಿನ್ ಕೆಳಗೆ ನೆಲ ಒದ್ದೆಯಾಗಿದೆಯಾ ಎಂದು ಬಗ್ಗಿ ನೋಡುತ್ತೇನೆ. ಸೋಮವಾರ ಗ್ಯಾರೇಜಿಗೆ ಹೋದಾಗ ಪಿಟ್‌ನಲ್ಲಿ ಬಿಚ್ಚಿದ್ದು, ಹಾಕಿದ್ದು ಎಲ್ಲ ಬರೆದ ಆ ಪುಟವನ್ನು ಮೆಕ್ಯಾನಿಕ್ ಅಣ್ಣನ ಕೈಗೆ ಕೊಡುತ್ತೇನೆ.