ಹೊಸ ಪಂಪ್ ಹಾಕಿದರೂ ಎಳೆಯದ ಎಸ್ಟೀಮ್

ಕಲಬುರಗಿಯ ನನ್ನ ಗ್ಯಾರೇಜಿಗೆ ಬಂದಾಗ ಆ ಹಳೇ ಎಂಪಿಎಫ್‌ಐ (ಇಂಜೆಕ್ಟರ್‌ನಿಂದ ಪೆಟ್ರೋಲ್ ಸಿಂಪಡಿಸುವ) ಮಾರುತಿ ಎಸ್ಟೀಮ್ ಕಾರಿಗೆ ಆಗಲೇ ಹೊಸ ಪೆಟ್ರೋಲ್ ಪಂಪ್ ಬಿದ್ದಿತ್ತು. ಊರೊಳಗೆ ಚೆನ್ನಾಗಿಯೇ ಓಡುತ್ತಿತ್ತು. ಹುಮನಾಬಾದ್ ರಸ್ತೆಯಲ್ಲಿ ಲಾರಿ ದಾಟಿಸಲು ಆಕ್ಸಲರೇಟರ್ ಒತ್ತಿದರೆ ಮಾತ್ರ ಎಳೆಯದೆ ಹಿಂದೆ ಜಗ್ಗುತ್ತಿತ್ತು. "ಹೊಸಾ ಪಂಪ್ ಹಾಕ್ಸೀನ್ರಿ, ಆದ್ರೂ ಅದೇ ಹಣೆಬರ" ಅಂದರು ಮಾಲೀಕರು. ಬಿಸಿಲಿಗೆ ಹೀಗಾಗುತ್ತೆ ಅಂತ ಯಾರೋ ಹೇಳಿದ್ದರಂತೆ. ನಮ್ಮ ಕಡೆ ಏನು ಕೆಟ್ಟರೂ ಬಿಸಿಲಿನ ಮೇಲೇ ಹಾಕುತ್ತಾರೆ.

ಇಂಥ ಗಾಡಿಗೆ ನಾನು ಮೊದಲು ಹಚ್ಚುವುದು ಪ್ರೆಶರ್ ಗೇಜ್. ಪಂಪಿಗೆ ಕರೆಂಟ್ ಕೊಡುವ ಸ್ವಿಚ್, ಅಂದರೆ ರಿಲೇ ತೆಗೆದು, ಎಂಜಿನ್ ತಾನಾಗಿ ಬಂದ್ ಆಗುವವರೆಗೆ ಓಡಿಸಿದರೆ ಲೈನಿನ ಒತ್ತಡ ಇಳಿಯುತ್ತೆ. ಎಂಜಿನ್ ತಣ್ಣಗಾದ ಮೇಲೆ ಫಿಲ್ಟರ್ ಆಚೆಗೆ, ಎಂಜಿನ್ ಕಡೆ, ಟಿ ಜಾಯಿಂಟ್ ಹಾಕಿ ಗೇಜ್ ಕೂರಿಸಿದೆ. ಹತ್ತಿರ ಬೀಡಿ ಸೇದುವವರನ್ನು ಮೊದಲೇ ಓಡಿಸಿರಬೇಕು.

ಎಂಜಿನ್ ಬಂದ್ ಇದ್ದು ಪಂಪ್ ಮಾತ್ರ ಓಡಿದಾಗ ಇದರಲ್ಲಿ 2.7ರಿಂದ 3.1 ಕೆಜಿ (ಚದರ ಸೆಂ.ಮೀ.ಗೆ) ಒತ್ತಡ ಬರಬೇಕು. ಐಡ್ಲಿಂಗ್‌ನಲ್ಲಿ 2.1ರಿಂದ 2.6. ಎರಡೂ ಸರಿ ಇದ್ದವು. ಲೈನಿನ ಒತ್ತಡ ಹದದಲ್ಲಿಡುವ ರೆಗ್ಯುಲೇಟರಿಗೆ ಎಂಜಿನ್‌ನ ಗಾಳಿ ಎಳೆತ (ವ್ಯಾಕ್ಯೂಮ್) ತರುವ ಪೈಪ್ ಕಿತ್ತೆ, ಮುಳ್ಳು ಸುಮಾರು ಅರ್ಧ ಕೆಜಿ ಮೇಲೇರಿತು. ಪೈಪಿನಲ್ಲಿ ಪೆಟ್ರೋಲ್ ವಾಸನೆಯೂ ಇಲ್ಲ. ಅಂದರೆ ರೆಗ್ಯುಲೇಟರ್ ಕೆಲಸ ಮಾಡುತ್ತಿದೆ.

ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಐಡ್ಲಿಂಗ್‌ನಲ್ಲಿ ಎಂಜಿನ್‌ಗೆ ಬೇಕಾದ ಪೆಟ್ರೋಲ್ ತುಂಬಾ ಕಡಿಮೆ, ಸೊರಗಿದ ಲೈನೂ ಅಷ್ಟನ್ನು ಕೊಡುತ್ತೆ. ಹಾಗಾಗಿ ಗೇಜನ್ನು ಉದ್ದ ಹೋಸ್‌ನಲ್ಲಿ ಗಾಜಿನ ಹೊರಗೆ ಭದ್ರವಾಗಿ ಕಟ್ಟಿ, ಹುಡುಗನನ್ನು ಪಕ್ಕ ಕೂರಿಸಿಕೊಂಡು ರಸ್ತೆಗೆ ಇಳಿದೆ. ಪೂರ್ತಿ ಒತ್ತಿದಾಗ ವ್ಯಾಕ್ಯೂಮ್ ಹೋಗುವುದರಿಂದ ಒತ್ತಡ ಏರಬೇಕು. ಇಲ್ಲಿ 2ಕ್ಕಿಂತ ಕೆಳಗೆ ಕುಸಿಯಿತು.

ಈಗ ಉಳಿದದ್ದು ಪಂಪ್, ಫಿಲ್ಟರ್, ಕರೆಂಟ್. ಫಿಲ್ಟರಿನ ಈಚೆಗೂ, ಪಂಪ್ ಕಡೆ, ಗೇಜ್ ಇಟ್ಟು ಮತ್ತೆ ಓಡಿಸಿದಾಗ ಅಲ್ಲೂ ಅದೇ ಕುಸಿತ. ಫಿಲ್ಟರ್ ಕಟ್ಟಿದ್ದರೆ ಈಚೆ ಒತ್ತಡ ಜಾಸ್ತಿ ಇರಬೇಕಿತ್ತು, ಅಲ್ವಾ?

ಮಲ್ಟಿಮೀಟರ್ ತೆಗೆದೆ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8 ವೋಲ್ಟ್, ಪಂಪಿನ ಕನೆಕ್ಟರ್‌ನಲ್ಲಿ 10.6. ವೈರ್ ಬಿಚ್ಚಿ ನೋಡಿದರೆ ಪೂರ್ತಿ ವೋಲ್ಟೇಜ್ ತೋರಿಸಿ ಮೋಸ ಮಾಡುತ್ತೆ. ಪಂಪ್ ಓಡುತ್ತಿರುವಾಗಲೇ ಅಳೆಯಬೇಕು. ಪಂಪಿನ ಅರ್ಥ್ ಪಿನ್‌ನಿಂದ ಬ್ಯಾಟರಿ ಮೈನಸ್‌ಗೆ ಮೀಟರ್ ಹಿಡಿದೆ. 3 ವೋಲ್ಟ್ ಹತ್ತಿರ ಅಲ್ಲೇ ಕಳೆದುಹೋಗುತ್ತಿತ್ತು. ಗಾಡಿಯ ಬಾಡಿ ಮೇಲೆ ಅರ್ಥ್ ವೈರ್ ಕೂರುವ ಬೋಲ್ಟ್ ತುಕ್ಕು ಹಿಡಿದಿತ್ತು. ಉಜ್ಜಿ, ವೈರಿನ ತುದಿಗೆ ಹೊಸ ಲಗ್ ಹಾಕಿ ಬಿಗಿದೆ. ಮತ್ತೆ ಅದೇ ರಸ್ತೆ. ಪೂರ್ತಿ ಒತ್ತಿದಾಗ ಮುಳ್ಳು 2.8ಕ್ಕೆ ಏರಿ ಅಲ್ಲೇ ನಿಂತಿತು.

ಗೇಜ್ ಬಿಚ್ಚುವ ಮೊದಲು ಎಂಜಿನ್ ಬಂದ್ ಮಾಡಿ 1 ನಿಮಿಷ ಕಾದೆ. 2ರ ಮೇಲೇ ನಿಂತಿತ್ತು. ಅದು ಬೇಗ ಇಳಿದಿದ್ದರೆ ಮಿಕ್ಕ ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಹೋಗುವ ರಿಟರ್ನ್ ಹೋಸ್ ಒತ್ತಿ ಹಿಡಿದು ನೋಡುತ್ತಿದ್ದೆ. ಆಗ ಮುಳ್ಳು ಇಳಿಯದೆ ನಿಂತರೆ ತಪ್ಪು ರೆಗ್ಯುಲೇಟರಿನದು. ಪಂಪಿನಿಂದ ಬರುವ ಫೀಡ್ ಹೋಸ್ ಒತ್ತಿದಾಗ ನಿಂತರೆ, ಪೆಟ್ರೋಲ್ ಹಿಂದೆ ಹರಿಯದಂತೆ ತಡೆಯುವ ಪಂಪಿನ ಚೆಕ್ ವಾಲ್ವಿನದು. ಎರಡೂ ಒತ್ತಿದರೂ ಇಳಿದರೆ ಇಂಜೆಕ್ಟರ್ ಸೋರುತ್ತಿರಬಹುದು. ರಬ್ಬರ್ ಗಟ್ಟಿಯಾಗಿದ್ದರೆ ಒತ್ತಲು ಹೋಗಬೇಡಿ, ಸೀಳುತ್ತೆ.