ಹಲಸಿನ ದಿಮ್ಮಿ ಕೊಂಡು ಚೌಕಟ್ಟು ಮಾಡಿದ ಲೆಕ್ಕ

ರೆಡಿ ಸೈಜ್ (ಬೇಕಾದ ಅಳತೆಗೆ ಕೊಯ್ದಿಟ್ಟ ಮರ) ಬಿಟ್ಟು ದಿಮ್ಮಿ ಕೊಂಡರೆ ಕೈ ಸುಡುತ್ತದೆ ಅಂತ ಸಾಮಿಲ್‌ನಲ್ಲಿ ಹೇಳದವರಿಲ್ಲ. ಈಗ ಮೂರು ಮನೆಗಳಲ್ಲಿ ನನ್ನ ಹಲಸಿನ ಬಾಗಿಲ ಚೌಕಟ್ಟುಗಳು ನಿಂತಿವೆ, ಒಂದೂ ತಿರುಚಿಲ್ಲ.

ಪೆಟ್ಟು ಬೀಳುವುದು 'ಸಿಎಫ್‌ಟಿ' (ಘನ ಅಡಿ) ಎಂಬ ಪದದಲ್ಲೇ. ತೊಗಟೆ ತೆಗೆದು ನಡುವಿನ ಸುತ್ತಳತೆ 48 ಇಂಚು, ಉದ್ದ 10 ಅಡಿ ಇದ್ದರೆ ಹಾಪಸ್ ಲೆಕ್ಕದಲ್ಲಿ (ಸುತ್ತಳತೆಯ ಕಾಲು ಭಾಗದ ವರ್ಗ, ಇಂಟು ಉದ್ದ) 10 ಸಿಎಫ್‌ಟಿ. ಅದೇ ದಿಮ್ಮಿಯ ನಿಜವಾದ ಘನ ಅಡಿ 12.73. ದರ ಒಂದೇ ಇಟ್ಟು ಎರಡನೇ ಲೆಕ್ಕದಲ್ಲಿ ಬಿಲ್ ಹಾಕಿದರೆ ನೂರಕ್ಕೆ 27 ರೂಪಾಯಿ ಹೆಚ್ಚು ಹೋಗುತ್ತದೆ. ದರ ಕೇಳುವ ಮೊದಲು ಯಾವ ಸಿಎಫ್‌ಟಿ ಅಂತ ಕೇಳಿ.

ಆ 10ರಲ್ಲಿ ತೊಗಟೆ ಒಳಗಿನ ಬಿಳಿ ಭಾಗ, ಸೀಳು, ಗರಗಸದ ಪುಡಿ ಕಳೆದು ಸೈಜ್ ಬಂದದ್ದು ಐದೂವರೆ ಚಿಲ್ಲರೆ. ದಿಮ್ಮಿ, ಕೊಯ್ಸಿದ ಕೂಲಿ, ಗಾಡಿ ಬಾಡಿಗೆ ಎಲ್ಲಾ ಸೇರಿ ಸುಮಾರು 10,800 ರೂಪಾಯಿ. ಅಂದರೆ ಸಿಎಫ್‌ಟಿಗೆ 1,950ರ ಆಸುಪಾಸು. ರೆಡಿ ಸೈಜ್ ಆಗ 2,500 ಇತ್ತು.

ಮೊದಲ ಸಲ ಹಾಳಾದದ್ದು ಅಳತೆಯಲ್ಲಿ. 5×3 ಇಂಚು ಬೇಕೆಂದು 5×3ಕ್ಕೇ ಕೊಯ್ಸಿದ್ದೆ. ಒಣಗಿ, ಹತ್ತರಿ ಹೊಡೆದು ನಯ ಮಾಡಿದಾಗ 4¾×2¾ ಮಾತ್ರ ಉಳಿಯಿತು. ಈಗ 5¼×3¼ ಕೊಯ್ಸುತ್ತೇನೆ. ಹಲಸಿನ ಬಿಳಿ ಭಾಗಕ್ಕೆ ಹುಳ ಬೀಳುತ್ತದೆ, ಮುಲಾಜಿಲ್ಲದೆ ತೆಗೆಸಿ. ಒಳಗಿನ ಗಟ್ಟಿಯಾದ ಹಳದಿ ಕೆಚ್ಚು ಮಾತ್ರ ಇರಲಿ.

ಒಣಗಿಸುವಾಗ ನೆರಳು, ಗಾಳಿ, ಸಾಲುಗಳ ನಡುವೆ ಒಂದಿಂಚಿನ ರೀಪು (ತೆಳು ಪಟ್ಟಿ) ಎರಡೆರಡು ಅಡಿಗೆ. ಮೇಲಿನ ಸಾಲಿನ ರೀಪು ಕೆಳಗಿನದರ ನೇರಕ್ಕೇ ಬರಬೇಕು, ಇಲ್ಲದಿದ್ದರೆ ಹಲಗೆ ಅಲ್ಲೇ ಬಾಗುತ್ತದೆ. ತುದಿಗಳಿಂದ ನೀರು ಬೇಗ ಹೋಗುವುದರಿಂದ ಸೀಳು ಅಲ್ಲಿಂದಲೇ ಶುರು. ಕೊಯ್ದ ದಿನವೇ ತುದಿಗೆ ಬಣ್ಣ ಬಳಿಯಿರಿ. 

ನಡುವೆ ಒಂದು ಪ್ರಯೋಗ ಮಾಡಿದೆ. ಅದೇ ದಿಮ್ಮಿಯ ಎರಡು ಹಲಗೆ: ತುದಿಯಿಂದ ನೋಡಿದರೆ ಒಂದರಲ್ಲಿ ವರ್ಷದುಂಗುರ ಅಗಲಕ್ಕೆ ಮಲಗಿದ್ದು, ಇನ್ನೊಂದರಲ್ಲಿ ನೆಟ್ಟಗೆ ನಿಂತದ್ದು. ಮೊದಲನೆಯದು ತೊಗಟೆ ಕಡೆಗೆ ದೋಣಿಯಂತೆ ಗುಳಿಬಿತ್ತು, ಎರಡನೆಯದು ಸಪಾಟಾಗಿಯೇ ಉಳಿಯಿತು. ತಿರುಳಿನಿಂದ ತೊಗಟೆ ಕಡೆಗೆ ಕುಗ್ಗುವುದಕ್ಕಿಂತ ಉಂಗುರದ ಗುಂಟ ಮರ ಸರಿಸುಮಾರು ದುಪ್ಪಟ್ಟು ಕುಗ್ಗುತ್ತದೆ. ಬಾಗಿಲ ಹಲಗೆಗೆ ನಿಂತ ಉಂಗುರದ್ದನ್ನೇ ಆರಿಸಿ.

ಒಣಗಿತೋ ಇಲ್ಲವೋ ಎಂದು ಮೀಟರ್ ಇಲ್ಲದೆಯೂ ತಿಳಿಯುತ್ತದೆ. ರಾಶಿಯಿಂದ ಒಂದು ತುಂಡು ಪ್ರತಿ ವಾರ ತೂಗಿ ಬರೆದಿಡಿ. ನನ್ನದು 1,420 ಗ್ರಾಂನಿಂದ ಇಳಿದು 980ರ ಬಳಿ ನಿಂತಿತು, ಮೂರು ವಾರ ಅಲ್ಲಾಡಲಿಲ್ಲ. ನಾಲ್ಕನೇ ವಾರ ಉಳಿ ಹಿಡಿದೆ.