ಮಕ್ಕಳಿಗೆ ವರ್ಣನೆಯ ಧಾಟಿ ಕೇಳಿಸಿದ್ದು ಹೀಗೆ

ಕಾರವಾರದ ನನ್ನ ಒಂಬತ್ತನೆಯ ತರಗತಿಯ ಮಕ್ಕಳು ಯಾವ ವರ್ಣನೆ ಕೊಟ್ಟರೂ ವಿಷಯವನ್ನು ನೋಡಿಯೇ ಧಾಟಿ ಬರೆಯುತ್ತಿದ್ದರು: ಸಮುದ್ರವೆಂದರೆ ಸಂತೋಷ, ಮಳೆಗಾಲವೆಂದರೆ ಭಯ. ಬರೆದವರ ಮನೋಭಾವವೇ ಧಾಟಿ ಎಂಬ ವ್ಯಾಖ್ಯೆ ಮಾತ್ರ ಎಲ್ಲರಿಗೂ ಬಾಯಿಪಾಠ.

ಕಾಳಿ ನದಿ ಕಡಲು ಸೇರುವ ಕೋಡಿಬಾಗದ ನೋಟವನ್ನೇ ಎರಡು ಬಗೆಯಲ್ಲಿ ಬರೆದುಕೊಟ್ಟೆ. ‘ದೋಣಿಗಳು ದಡಕ್ಕೊರಗಿ ವಿಶ್ರಮಿಸುತ್ತಿದ್ದವು.’ ‘ದೋಣಿಗಳು ದಡದಲ್ಲಿ ಅನಾಥವಾಗಿ ಬಿದ್ದಿದ್ದವು.’ ಸಂಗತಿ ಒಂದೇ. ವ್ಯತ್ಯಾಸ ತಂದ ಪದಗಳ ಕೆಳಗೆ ಗೆರೆ ಎಳೆಯಲು ಹೇಳಿದೆ. ಹೆಚ್ಚಿನ ಗೆರೆಗಳು ಕ್ರಿಯಾಪದಕ್ಕೇ ಬಿದ್ದವು. ವಿಶೇಷಣಗಳನ್ನಷ್ಟೇ ಹುಡುಕಿಸುವ ರೂಢಿ ಸಾಲದು ಎಂದು ನಾನು ಬಲವಾಗಿ ನಂಬುತ್ತೇನೆ. ಆಮೇಲೆ ಆ ಪದಗಳನ್ನು ತೆಗೆದು ‘ದೋಣಿಗಳು ದಡದಲ್ಲಿದ್ದವು’ ಎಂದು ಓದಿಸಿದೆ. ಧಾಟಿ ಅಳಿಸಿಹೋದದ್ದು ಹಿಂದಿನ ಬೆಂಚಿಗೂ ತಿಳಿಯಿತು.

ಈಗ ಧಾಟಿಯ ಹೆಸರಿನೊಂದಿಗೆ ಆಧಾರದ ಪದವನ್ನೂ ಬರೆಯಬೇಕು, ಇಲ್ಲದಿದ್ದರೆ ಅಂಕವಿಲ್ಲ. ವ್ಯಂಗ್ಯದ ಧಾಟಿ ಇನ್ನೂ ತೊಡಕಾಗಿದೆ. ಅಂಥ ಭಾಗಗಳನ್ನು ಗಟ್ಟಿಯಾಗಿ ಓದಿಸುತ್ತಿದ್ದೇನೆ.